ಕರುಳಿನ ಉರಿಯೂತ ಇದ್ದವರಿಗೆ ವ್ಯಾಯಾಮ: ಕರಾವಳಿಯವರಿಗೂ ಘಟ್ಟದ ಮೇಲಿನವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಒಬ್ಬರಿಗೆ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಅಂತ ಗೊತ್ತಾದ ಕೂಡಲೇ ಬರುವ ಮೊದಲ ಸಲಹೆ, 'ಸುಮ್ನೆ ಮಲಕೋ, ಆಯಾಸ ಮಾಡ್ಕೋಬೇಡ'. ಅಡಿಕೆ ಕೊಯ್ಲಿನ ಹೊತ್ತಲ್ಲೂ ಅಂಗಳಕ್ಕೆ ಇಳಿಯಲು ಬಿಡುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ, ಬೇಜಾರಿಲ್ಲ. ಆದರೆ ಕಾಯಿಲೆ ಹತೋಟಿಗೆ ಬಂದ ಮೇಲೂ ತಿಂಗಳುಗಟ್ಟಲೆ ಮಲಗಿದರೆ ಕರುಳಿಗೆ ಏನೂ ಲಾಭವಿಲ್ಲ. ನಷ್ಟ ಆಗುವುದು ತೊಡೆಗೆ, ಸೊಂಟದ ಮೂಳೆಗೆ, ಮನಸ್ಸಿಗೆ.

ಈ ಬರಹ ಐಬಿಡಿ ಇದ್ದವರಿಗೆ. ಅಂದರೆ ಕರುಳಿನಲ್ಲಿ ನಿಜವಾಗಿ ಉರಿಯೂತ, ಹುಣ್ಣು ಇರುವವರಿಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಐಬಿಎಸ್ (ಉರಿಯೂತ ಇಲ್ಲದೆ ಹೊಟ್ಟೆ ಕೆಡುವ ತೊಂದರೆ) ಬೇರೆಯೇ, ಅದರ ಲೆಕ್ಕ ಇಲ್ಲಿ ಬೇಡ.

ಸಂಶೋಧನೆ ಎಲ್ಲಿಯವರೆಗೆ ಬಂದಿದೆ

ವ್ಯಾಯಾಮದಿಂದ ಕರುಳಿನ ಹುಣ್ಣು ಮಾಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಸಾಬೀತಾಗಿಲ್ಲ. ಮಾತ್ರೆ, ಇಂಜೆಕ್ಷನ್ ಮಾಡುವ ಕೆಲಸ ಬೇರೆ, ವ್ಯಾಯಾಮ ಮಾಡುವ ಕೆಲಸ ಬೇರೆ. ಮಾತ್ರೆ ಉರಿಯೂತ ಇಳಿಸುತ್ತದೆ. ಅದು ಇಳಿದ ಮೇಲೂ ಉಳಿಯುವ ಸುಸ್ತು, ಕರಗಿದ ಸ್ನಾಯು, ತೆಳುವಾದ ಮೂಳೆ ಇವಕ್ಕೆ ವ್ಯಾಯಾಮ ಬೇಕು.

ಪ್ರಯೋಗಗಳು ಬಹುಪಾಲು ಚಿಕ್ಕವು. 2007ರಲ್ಲಿ ಕೆನಡಾದಲ್ಲಿ 32 ಕ್ರೋನ್ಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ಸಾದಾ ನಡಿಗೆ ಕೊಟ್ಟರು. ಮೂರು ತಿಂಗಳಾದ ಮೇಲೆ ನಡೆದವರ ಜೀವನದ ಗುಣಮಟ್ಟ ಸುಧಾರಿಸಿತ್ತು, ಕಾಯಿಲೆ ಕೆರಳಲಿಲ್ಲ. 2015ರಲ್ಲಿ ಜರ್ಮನಿಯಲ್ಲಿ 30 ಜನರ ಮೇಲೆ ಹತ್ತು ವಾರಗಳ ಓಟದ ಪ್ರಯೋಗ ನಡೆಯಿತು. ಅಲ್ಲೂ ಕಾಯಿಲೆ ಹದಗೆಡಲಿಲ್ಲ. ಅದೇ ವರ್ಷ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನ ಕಾಯಿಲೆ ಹತೋಟಿಯಲ್ಲಿದ್ದವರನ್ನು, ಅಂದರೆ ರೆಮಿಷನ್‌ನಲ್ಲಿದ್ದವರನ್ನು ಆರು ತಿಂಗಳು ಗಮನಿಸಿತು. ಜಾಸ್ತಿ ವ್ಯಾಯಾಮ ಮಾಡುತ್ತಿದ್ದ ಕ್ರೋನ್ಸ್ ರೋಗಿಗಳಲ್ಲಿ ಕಾಯಿಲೆ ಮತ್ತೆ ಏಳುವ ಸಾಧ್ಯತೆ ಸುಮಾರು 28% ಕಡಿಮೆ ಇತ್ತು. ಕೊಲೈಟಿಸ್‌ನವರಲ್ಲೂ ಕಡಿಮೆಯೇ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಲ್ಲ. ಒಂದು ಮಾತು: ಆರಾಮಾಗಿ ಇರುವವರೇ ಜಾಸ್ತಿ ನಡೆಯುತ್ತಾರೆ, ಅಲ್ವಾ? ಹಾಗಾಗಿ ಆ ಅಂಕಿ ನೋಡಿ ಹಿಗ್ಗುವುದು ಬೇಡ.

ನನಗೆ ಹೆಚ್ಚು ಮುಖ್ಯ ಅನಿಸುವುದು ಮೂಳೆಯ ಕತೆ. 1998ರಲ್ಲಿ ಬ್ರಿಟನ್ನಿನಲ್ಲಿ 117 ಕ್ರೋನ್ಸ್ ರೋಗಿಗಳ ಮೇಲೆ ಒಂದು ವರ್ಷದ ಪ್ರಯೋಗ ನಡೆಯಿತು. ಒಟ್ಟಾರೆ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಿಡದೆ ಪೂರ್ತಿ ಮಾಡಿದವರಲ್ಲಿ ಮಾತ್ರ ಸೊಂಟದ ಹತ್ತಿರ ಮೂಳೆಯ ಸಾಂದ್ರತೆ ಏರಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಪ್ರಯೋಗದಲ್ಲಿ 47 ಜನ ಇದ್ದರು. ಭಾರ ಎತ್ತುವುದು ಮತ್ತು ಸಣ್ಣ ಜಿಗಿತಗಳನ್ನು ಸೇರಿಸಿ ಆರು ತಿಂಗಳು ಮಾಡಿದವರ ಬೆನ್ನುಮೂಳೆ ಗಟ್ಟಿಯಾಯಿತು, ಸ್ನಾಯುವಿನ ಬಲವೂ ಹೆಚ್ಚಿತು. ಯುರೋಪಿನ ಪೌಷ್ಟಿಕತಜ್ಞರ ಸಂಘ ಎಸ್ಪೆನ್ ಕೂಡ ಎಲ್ಲ ಐಬಿಡಿ ರೋಗಿಗಳಿಗೂ ನಡಿಗೆ, ಸೈಕಲ್‌ನಂಥ ವ್ಯಾಯಾಮ ಹೇಳುತ್ತದೆ. ಸ್ನಾಯು ಕರಗಿದವರಿಗೆ ಭಾರದ ವ್ಯಾಯಾಮವನ್ನೂ ಸೇರಿಸುತ್ತದೆ. ನಮ್ಮ ಕಡೆ 'ವಾಕಿಂಗ್ ಹೋಗಿ' ಅಂತ ಹೇಳಿ ಮುಗಿಸಿಬಿಡುತ್ತಾರೆ. ಅದು ಅರ್ಧ ಸಲಹೆ.

ಹೆಜ್ಜೆ 1: ಇವತ್ತು ಕಾಯಿಲೆ ಯಾವ ಸ್ಥಿತಿಯಲ್ಲಿದೆ ನೋಡಿ

ಹೊಟ್ಟೆ ಶಾಂತವಾಗಿದೆ, ರಕ್ತ ಹೋಗುತ್ತಿಲ್ಲ, ಜ್ವರ ಇಲ್ಲ ಅಂದರೆ ಪೂರ್ತಿ ಕಾರ್ಯಕ್ರಮ ಶುರು ಮಾಡಬಹುದು. ಕರುಳಿನ ಉರಿಯೂತದ ಸುಳಿವು ಕೊಡುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದ್ದರೆ ಅದನ್ನೂ ನೋಡಿ. ಸಾಮಾನ್ಯವಾಗಿ 50ರ ಒಳಗಿದ್ದರೆ ಒಳ್ಳೆಯದು. 250 ದಾಟಿದರೆ ಒಳಗೆ ಉರಿಯೂತ ಇರುವ ಸಾಧ್ಯತೆ ಜಾಸ್ತಿ.

ಎರಡಕ್ಕೆ ಹೋಗುವುದು ಸ್ವಲ್ಪ ಹೆಚ್ಚಾಗಿದೆ, ಸುಸ್ತಿದೆ, ಆದರೆ ಜ್ವರ ಇಲ್ಲ ಅಂದರೆ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಕಿಲ್ಲ.

ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ, ಅಥವಾ ಸುಮ್ಮನೆ ಕೂತಾಗಲೂ ನಾಡಿ 90 ದಾಟುತ್ತಿದೆ ಅಂದರೆ ವ್ಯಾಯಾಮದ ಮಾತೇ ಬೇಡ. ಅದು ತೀವ್ರ ಕೊಲೈಟಿಸ್, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕ್ರೋನ್ಸ್ ಇದ್ದವರಿಗೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರಬಹುದು. ಅದಕ್ಕೂ ಇದೇ ಮಾತು.

ಹೆಜ್ಜೆ 2: ಸುಸ್ತಿನ ಕಾರಣ ಹುಡುಕಿ

ಹಿಮೋಗ್ಲೋಬಿನ್ 9 ಇಟ್ಟುಕೊಂಡು 'ನಂಗೆ ಸ್ಟ್ಯಾಮಿನಾ ಇಲ್ಲ' ಅಂತ ಕೊರಗುವುದರಲ್ಲಿ ಅರ್ಥವಿಲ್ಲ. ರಕ್ತಹೀನತೆ ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗದಿದ್ದರೆ ರಕ್ತನಾಳದ ಮೂಲಕವೂ ಕೊಡುತ್ತಾರೆ, ಕೇಳಿ. ಕ್ರೋನ್ಸ್‌ನಲ್ಲಿ ಸಣ್ಣ ಕರುಳಿನ ಕೊನೆಯ ಭಾಗ ಹಾಳಾಗಿದ್ದರೆ ಅಥವಾ ಕತ್ತರಿಸಿದ್ದರೆ ಬಿ12 ಹೀರಿಕೊಳ್ಳುವುದಿಲ್ಲ. ಅದನ್ನು ಪರೀಕ್ಷೆ ಮಾಡಿಸಿ. ವಿಟಮಿನ್ ಡಿ ಕೂಡ.

ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ತಗೊಂಡವರು ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ನೆಲದ ಮೇಲೆ ಊಟಕ್ಕೆ ಕೂತವರು ಕೈ ಊರದೆ ಏಳಲು ಆಗುತ್ತಿಲ್ಲ ಅಂದರೆ ಸ್ಟೀರಾಯ್ಡ್ ತೊಡೆಯ ಸ್ನಾಯುವನ್ನು ತಿಂದಿರಬಹುದು. ಹಾಗಂತ ಆ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ.

ಹೆಜ್ಜೆ 3: ಶುರುವಿನ ಅಳತೆ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಕುರ್ಚಿಯಿಂದ 30 ಸೆಕೆಂಡಿನಲ್ಲಿ, ಕೈ ಎದೆಗೆ ಕಟ್ಟಿಕೊಂಡು, ಎಷ್ಟು ಸಲ ಎದ್ದು ಕೂರುತ್ತೀರಿ? ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತೀರಿ? ಇವತ್ತಿನ ಸುಸ್ತು ಹತ್ತಕ್ಕೆ ಎಷ್ಟು? ತೂಕ ಎಷ್ಟು? ತಿಂಗಳಿಗೊಮ್ಮೆ ಇವನ್ನೇ ಮತ್ತೆ ಅಳೆಯಿರಿ. ಹೊಟ್ಟೆಯ ಏರಿಳಿತದ ನಡುವೆ ಪ್ರಗತಿ ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೇ ಬರೆದಿಡಬೇಕು.

ಹೆಜ್ಜೆ 4: ನಡಿಗೆ

ಮೊದಲ ವಾರ ಹತ್ತು ನಿಮಿಷ, ವಾರಕ್ಕೆ ಮೂರು ದಿನ. ಅಷ್ಟೇ. ಮುಂದೆ ಪ್ರತಿ ವಾರ ಎರಡು ಮೂರು ನಿಮಿಷ ಏರಿಸಿ, ಆಮೇಲೆ ದಿನಗಳನ್ನು ಹೆಚ್ಚಿಸಿ. ಎರಡು ಮೂರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷಕ್ಕೆ ಬಂದರೆ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ವಾರಕ್ಕೆ 150 ನಿಮಿಷ ಮುಟ್ಟಿದಿರಿ. ವೇಗಕ್ಕೆ ಒಂದೇ ನಿಯಮ: ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು.

ಕಾರವಾರದವರಿಗೆ ಟಾಗೋರ್ ಕಡಲತೀರ ಇದೆ. ಆದರೆ ಮರಳು ಮರಳಿನಲ್ಲೂ ವ್ಯತ್ಯಾಸ ಇದೆ. ಒಣ ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲದ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಪ್ರಯೋಗಾಲಯದಲ್ಲಿ ಅಳೆದೇ ಹೇಳಿದ್ದಾರೆ. ಅಲ್ಲಿ ಹತ್ತು ನಿಮಿಷ ಅಂದರೆ ರಸ್ತೆಯ ಮೇಲಿನ ಇಪ್ಪತ್ತು ನಿಮಿಷದ ಲೆಕ್ಕ. ಶುರುವಿಗೆ ಇಳಿತದ ಹೊತ್ತು ನೋಡಿಕೊಂಡು ಹೋಗಿ, ಅಲೆ ಹಿಂದೆ ಸರಿದ ಒದ್ದೆ ಗಟ್ಟಿ ಮರಳಿನ ಮೇಲೆ ನಡೆಯಿರಿ. ಆ ಅಂಚು ನೀರಿನ ಕಡೆ ವಾಲಿರುತ್ತದೆ. ಹೋಗುವಾಗ ಒಂದು ಕಾಲು ತಗ್ಗಿನಲ್ಲಿ, ಬರುವಾಗ ಇನ್ನೊಂದು. ಹಾಗಾಗಿ ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಇಲ್ಲದಿದ್ದರೆ ಒಂದೇ ಸೊಂಟ ಹಿಡಿದುಕೊಳ್ಳುತ್ತದೆ. ಐಬಿಡಿ ಇದ್ದವರಲ್ಲಿ ಸೊಂಟದ ಕೀಲಿನ ಉರಿಯೂತವೂ ಬರುವುದರಿಂದ ಇದು ಸಣ್ಣ ವಿಷಯ ಅಲ್ಲ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದಿದ್ದು, ಓಡಾಡಿದ ಮೇಲೆ ಸಡಿಲ ಆಗುತ್ತದೆ ಅಂದರೆ ವೈದ್ಯರಿಗೆ ಹೇಳಿ.

ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಸಮತಟ್ಟು ಹುಡುಕುವುದೇ ಕಷ್ಟ. ಮನೆ ಮೇಲೆ, ತೋಟ ಕೆಳಗೆ. ಇಳಿಯುವುದು ಸುಲಭ ಅನಿಸುತ್ತದೆ. ಆದರೆ ಮರುದಿನ ತೊಡೆ ನೋಯುವುದು ಇಳಿದಿದ್ದಕ್ಕೆ, ಏದುಸಿರು ಬರುವುದು ಹತ್ತಿದ್ದಕ್ಕೆ. ಮೊದಲ ತಿಂಗಳು ಅಂಗಳದಲ್ಲೇ ಸುತ್ತು ಹಾಕಿ. ಇನ್ನೊಂದು ಎಚ್ಚರಿಕೆ: ಡಿಸೆಂಬರ್‌ನಿಂದ ಮೇ ತನಕ ಸೊಪ್ಪಿನ ಬೆಟ್ಟ, ಕಾಡಿನ ದಾರಿ ಬಿಡಿ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ (ಉಣುಗು) ಇರುವ ಕಾಲ ಅದು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು.

ಹೆಜ್ಜೆ 5: ಸ್ನಾಯುವಿಗೆ ಭಾರ, ವಾರಕ್ಕೆ ಎರಡು ದಿನ

ಜಿಮ್ ಬೇಕಾಗಿಲ್ಲ. ಗಟ್ಟಿ ಕುರ್ಚಿ, ಗೋಡೆ, ಜಗಲಿಯ ಮೆಟ್ಟಿಲು, ಹಿಡಿಕೆ ಇರುವ ಎರಡು ಐದು ಲೀಟರ್ ಕ್ಯಾನು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಹಾಗಾಗಿ ಕ್ಯಾನೇ ನಿಮ್ಮ ಡಂಬೆಲ್. ಮೊದಲು ಒಂದೊಂದು ಲೀಟರ್ ತುಂಬಿ.

ಕುರ್ಚಿ ವ್ಯಾಯಾಮದಿಂದ ಶುರು. ಕುರ್ಚಿಯನ್ನು ಗೋಡೆಗೆ ತಾಗಿಸಿಡಿ, ಜಾರಬಾರದು. ಮುಂದಿನ ಅಂಚಿಗೆ ಬಂದು ಕೂರಿ. ಪಾದಗಳು ಭುಜದಷ್ಟು ಅಗಲ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ. ಈಗ ಉಸಿರು ಬಿಡುತ್ತಾ ಏಳಿ. ಮೊಣಕಾಲು ಒಳಗೆ ಬಾಗದಂತೆ ನೋಡಿಕೊಳ್ಳಿ. ಮೇಲೆ ಒಂದು ಕ್ಷಣ ನಿಂತು, ಮನಸ್ಸಲ್ಲೇ ಮೂರು ಎಣಿಸುತ್ತಾ ನಿಧಾನ ಕೂರಿ. ದೊಪ್ಪನೆ ಬೀಳಬೇಡಿ, ಆ ಮೂರು ಎಣಿಕೆಯಲ್ಲೇ ತೊಡೆಗೆ ಅರ್ಧ ಕೆಲಸ ಆಗುವುದು. ಏಳಲು ಆಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎಂಟು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಎಂಟು. ಇನ್ನೂ ಎರಡು ಸಲ ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಿ.

ಆಮೇಲೆ ಗೋಡೆಗೆ ಕೈ ಊರಿ ದಂಡ. ಕ್ಯಾನು ಹಿಡಿದು ಮುಂದೆ ಬಾಗಿ, ಮೊಣಕೈ ಹಿಂದಕ್ಕೆ ಎಳೆಯುವುದು. ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು. ಕಂಬ ಹಿಡಿದು ಹಿಮ್ಮಡಿ ಎತ್ತುವುದು. ಕೊನೆಗೆ ಎರಡೂ ಕೈಯಲ್ಲಿ ಕ್ಯಾನು ಹಿಡಿದು ಅಂಗಳದ ಒಂದು ಸುತ್ತು. ಪ್ರತಿಯೊಂದೂ 8ರಿಂದ 12 ಸಲ, ಎರಡು ಸುತ್ತು. ಸತತ ಎರಡು ದಿನ 12 ಸಲ ಸಲೀಸಾಗಿ ಆದರೆ ಕ್ಯಾನಿಗೆ ಅರ್ಧ ಲೀಟರ್ ನೀರು ಸೇರಿಸಿ. ಉಸಿರು ಕಟ್ಟಿ ತಿಣುಕಬೇಡಿ, ಹೊಟ್ಟೆಯ ಒತ್ತಡ ಏರುತ್ತದೆ.

ಮೂಳೆಗೆ ತಟ್ಟು ಬೇಕು. ಡೆಕ್ಸಾದಲ್ಲಿ ಮೂಳೆ ತೀರಾ ತೆಳುವಾಗಿಲ್ಲ, ಕೀಲು ನೋವಿಲ್ಲ ಅಂದರೆ ಎರಡನೇ ತಿಂಗಳಿಂದ ನಿಂತಲ್ಲೇ ಹತ್ತು ಸಣ್ಣ ಜಿಗಿತ ಸೇರಿಸಿ. ಮೂಳೆ ತೆಳುವಾಗಿದ್ದರೆ ಜಿಗಿತ ಬೇಡ, ಭಾರದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ.

'ತೋಟದ ಕೆಲಸ ಮಾಡ್ತೇನೆ, ಸಾಕಲ್ವಾ?' ಈ ಪ್ರಶ್ನೆ ಬಂದೇ ಬರುತ್ತದೆ. ಸಾಲದು ಅಂತ ನನ್ನ ಅಭಿಪ್ರಾಯ. ಕೊಯ್ಲಿನ ವಾರ ಮೈಮುರಿ ಕೆಲಸ, ಆಮೇಲೆ ತಿಂಗಳು ಏನೂ ಇಲ್ಲ. ಸ್ನಾಯುವಿಗೆ ಬೇಕಾದ್ದು ಬಿಡದೆ, ಸ್ವಲ್ಪ ಸ್ವಲ್ಪವೇ ಏರುವ ಭಾರ. ಕುಳಿತಿದ್ದವರು ಎದ್ದು ಒಮ್ಮೆಲೇ ಅಡಿಕೆ ಮೂಟೆ ಎತ್ತಿದರೆ ಬೆನ್ನು ಹೋಗುತ್ತದೆ. ಬಲೆ ಎಳೆಯುವವರಿಗೂ ಇದೇ ಮಾತು.

ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಈ ಜಾತಿಯ ನೋವಿನ ಮಾತ್ರೆಗಳು ಕೆಲವರಲ್ಲಿ ಕಾಯಿಲೆಯನ್ನು ಕೆರಳಿಸುತ್ತವೆ. ಬೇಕೇ ಬೇಕಾದರೆ ಪ್ಯಾರಸಿಟಮಾಲ್. ಮೆಡಿಕಲ್ ಶಾಪಿನಲ್ಲಿ 'ಮೈಕೈ ನೋವಿಗೆ ಒಂದು ಕೊಡಿ' ಅಂದರೆ ಕೈಗೆ ಬರುವುದು ಬಹಳ ಸಲ ಇವೇ. ಹೆಸರು ಓದಿ ತಗೊಳ್ಳಿ.

ಹೆಜ್ಜೆ 6: ಟಾಯ್ಲೆಟ್, ಊಟ, ನೀರು

ನಡಿಗೆ ಬಿಟ್ಟವರಲ್ಲಿ ಬಹಳ ಜನ ಬಿಡುವುದು ಸುಸ್ತಿಗಲ್ಲ, ದಾರಿಯಲ್ಲಿ ಅವಸರ ಬಂದರೆ ಅನ್ನುವ ಹೆದರಿಕೆಗೆ. ಬೆಳಿಗ್ಗೆ ಚಹಾ, ತಿಂಡಿ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಅದು ಎಲ್ಲರಿಗೂ ಇರುವ ಸಹಜ ಪ್ರತಿಕ್ರಿಯೆ. ಅದು ಮುಗಿದ ಮೇಲೆ ಹೊರಡಿ. ಧೈರ್ಯ ಬರುವ ತನಕ ಮನೆಯ ಸುತ್ತಲೇ ಐದು ನಿಮಿಷದ ಸುತ್ತು ಹಾಕಿ, ಯಾವಾಗ ಬೇಕಾದರೂ ಒಳಗೆ ಹೋಗಬಹುದು. ಆಮೇಲೆ ದಾರಿಯಲ್ಲಿರುವ ಹೋಟೆಲ್, ಬಸ್ ನಿಲ್ದಾಣ, ಪೆಟ್ರೋಲ್ ಬಂಕ್ ನೋಡಿಟ್ಟುಕೊಳ್ಳಿ. ಸಣ್ಣ ಚೀಲದಲ್ಲಿ ಒಳಉಡುಪು, ನೀರು, ಟಿಶ್ಯೂ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಹೊಟ್ಟೆ ತುಂಬ ಊಟ ಆದರೆ ಎರಡು ಗಂಟೆ ಬಿಡಿ. ಜೋರಾಗಿ ಓಡುವಾಗ ರಕ್ತ ಕರುಳಿನಿಂದ ಕಾಲಿನ ಕಡೆ ಹರಿಯುತ್ತದೆ. ಕಾಯಿಲೆ ಇಲ್ಲದ ಓಟಗಾರರಿಗೇ ಇದರಿಂದ ಭೇದಿ ಆಗುವುದುಂಟು. ಮೊದಲು ಒಂದು ಬಾಳೆಹಣ್ಣು ಅಥವಾ ಸ್ವಲ್ಪ ಗಂಜಿ ಸಾಕು.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಭೇದಿ ಇರುವ ದಿನ ಬರೀ ನೀರು ಸಾಲದು, ಉಪ್ಪೂ ಬೇಕು. ಓಆರ್‌ಎಸ್ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ, ಹಾಗಾಗಿ ಅದು ಓಆರ್‌ಎಸ್‌ಗೆ ಸಮ ಅಲ್ಲ. ಮುರುಗಲು ಪಾನಕ ಇಷ್ಟವಾದರೆ ಸಕ್ಕರೆ ಕಡಿಮೆ ಮಾಡಿ, ಉಪ್ಪು ಹಾಕಿ ಕುಡಿಯಿರಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ತಗೊಳ್ಳುವವರಿಗೆ ಬಿಸಿಲು ಒಳ್ಳೆಯದಲ್ಲ, ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬಿಡಬೇಡಿ.

ಹೆಜ್ಜೆ 7: ಮಳೆಗಾಲದ ನಾಲ್ಕು ತಿಂಗಳು

ಜೂನ್ ಬಂತು ಅಂದರೆ ಎಲ್ಲರ ವ್ಯಾಯಾಮವೂ ನಿಲ್ಲುತ್ತದೆ. ಪಾಚಿ ಕಟ್ಟಿದ ಚಿರೇಕಲ್ಲಿನ ಮೇಲೆ ಜಾರಿ ಬಿದ್ದರೆ, ಮೂಳೆ ತೆಳುವಾದವರಿಗೆ ಅದು ಸೊಂಟದ ಮೂಳೆ ಮುರಿತ. ಆದ್ದರಿಂದ ಮಳೆಗಾಲವನ್ನು ಭಾರದ ವ್ಯಾಯಾಮದ ಕಾಲ ಮಾಡಿಕೊಳ್ಳಿ. ವಾರಕ್ಕೆ ಎರಡರ ಬದಲು ಮೂರು ದಿನ, ನಡಿಗೆ ಜಗಲಿಯ ಈ ತುದಿಯಿಂದ ಆ ತುದಿಗೆ. ನೀರು ಕುದಿಸಿಯೇ ಕುಡಿಯಿರಿ. ಈ ಕಾಲದಲ್ಲಿ ಭೇದಿ ಶುರುವಾದರೆ ಫ್ಲೇರ್ (ಕಾಯಿಲೆ ಮತ್ತೆ ಕೆರಳುವುದು) ಅಂತ ನೀವೇ ತೀರ್ಮಾನಿಸಿ ಸ್ಟೀರಾಯ್ಡ್ ಏರಿಸಬೇಡಿ. ಸೋಂಕೂ ಆಗಿರಬಹುದು, ಮಲ ಪರೀಕ್ಷೆ ಮಾಡಿಸಿ.

ಯೋಗಕ್ಕೂ ಇದು ಒಳ್ಳೆಯ ಸಮಯ. ದೆಹಲಿಯ ಏಮ್ಸ್‌ನಲ್ಲಿ ರೆಮಿಷನ್‌ನಲ್ಲಿದ್ದ 100 ಜನರ ಮೇಲೆ ಎಂಟು ವಾರದ ಯೋಗ ಪ್ರಯೋಗ ನಡೆದು 2015ರಲ್ಲಿ ಪ್ರಕಟವಾಯಿತು. ಕೊಲೈಟಿಸ್ ಇದ್ದವರಲ್ಲಿ ಆತಂಕ ಕಡಿಮೆಯಾಯಿತು, ಕೀಲು ನೋವು ಹೇಳಿಕೊಂಡವರೂ ಕಡಿಮೆ. 2017ರ ಜರ್ಮನಿಯ ಪ್ರಯೋಗದಲ್ಲಿ 77 ಕೊಲೈಟಿಸ್ ರೋಗಿಗಳಿದ್ದರು, ಅಲ್ಲೂ ಯೋಗದವರ ಜೀವನದ ಗುಣಮಟ್ಟ ಮೇಲಾಯಿತು. ಮನಸ್ಸಿಗೆ, ಕೀಲಿಗೆ ಒಳ್ಳೆಯದು. ಆದರೆ ಕ್ಯಾನಿನ ಬದಲಿಗೆ ಅಲ್ಲ. ಹೊಟ್ಟೆ ಕೆರಳಿರುವಾಗ, ಆಪರೇಷನ್ ಆದ ಹೊಸತರಲ್ಲಿ ಕಪಾಲಭಾತಿ, ನೌಲಿ, ಜೋರಾಗಿ ಹೊಟ್ಟೆ ತಿರುಚುವ ಆಸನ ಮಾಡಬೇಡಿ.

ಹೆಜ್ಜೆ 8: ಕೆರಳಿದಾಗ, ಮತ್ತೆ ಶುರು ಮಾಡುವಾಗ

ಫ್ಲೇರ್‌ನಲ್ಲೂ ದಿನವಿಡೀ ಮಲಗಬೇಡಿ. ಐಬಿಡಿ ಇದ್ದವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆಯವರಿಗಿಂತ ಎರಡು ಮೂರು ಪಟ್ಟು, ಕಾಯಿಲೆ ಎದ್ದಾಗ ಇನ್ನೂ ಜಾಸ್ತಿ. ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ, ಮಲಗಿದಲ್ಲೇ ಪಾದ ಆಡಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಸಿಕ್ಕದಿದ್ದರೆ ತಡ ಮಾಡಬೇಡಿ, ಆಸ್ಪತ್ರೆಗೆ ಹೋಗಿ.

ಒಂದು ವಾರಕ್ಕಿಂತ ಹೆಚ್ಚು ತಪ್ಪಿದರೆ ಬಿಟ್ಟಲ್ಲಿಂದ ಅಲ್ಲ, ಅರ್ಧದಿಂದ ಶುರು ಮಾಡಿ. 20 ನಿಮಿಷ ನಡೆಯುತ್ತಿದ್ದರೆ ಈಗ ಹತ್ತು. ಮೂರು ಲೀಟರ್ ಕ್ಯಾನು ಎತ್ತುತ್ತಿದ್ದರೆ ಈಗ ಒಂದೂವರೆ.

ಆಪರೇಷನ್ ಆಗಿ ಹೊಟ್ಟೆಗೆ ಸ್ಟೋಮಾ ಚೀಲ (ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬೀಳಲು ಅಂಟಿಸುವ ಚೀಲ) ಇದ್ದವರೂ ಇವೆಲ್ಲ ಮಾಡಬಹುದು. ನಡಿಗೆ ಬೇಗ ಶುರುವಾಗುತ್ತದೆ, ಭಾರಕ್ಕೆ ಮಾತ್ರ ಸರ್ಜನ್ ಹೇಳುವ ತನಕ ಕಾಯಿರಿ. ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಆಗುವ ಸಾಧ್ಯತೆ ಇರುತ್ತದೆ. ಚೀಲ ಖಾಲಿ ಮಾಡಿ ಹೊರಡಿ. ಸಣ್ಣ ಕರುಳಿನ ಸ್ಟೋಮಾ ಇದ್ದವರು ಬೆವರುವ ದಿನ ಓಆರ್‌ಎಸ್ ಜೊತೆಗೇ ಇಟ್ಟುಕೊಳ್ಳಿ.

ವೈದ್ಯರ ಹತ್ತಿರ ಹೋಗುವಾಗ

ಹೊಟ್ಟೆಯ ತಜ್ಞರನ್ನು ನೋಡಲು ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡುವುದು ಇನ್ನೂ ತಪ್ಪಿಲ್ಲ. ಶಿರಸಿಯಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರ್ ಆಸುಪಾಸು. ಅಷ್ಟು ದೂರ ಕೂತು ಹೋದ ಮೇಲೆ ಸಿಗುವುದು ಕೆಲವೇ ನಿಮಿಷ, ಹಾಗಾಗಿ ಪ್ರಶ್ನೆ ಬರೆದುಕೊಂಡೇ ಹೋಗಿ. ನನ್ನ ಮೂಳೆಗೆ ಜಿಗಿತ ಆಗುತ್ತದಾ? ಎಷ್ಟು ಕಿಲೋ ತನಕ ಎತ್ತಬಹುದು? ಕರುಳು ಕಿರಿದಾದ ಜಾಗ ಇದೆಯಾ? ಹಿಮೋಗ್ಲೋಬಿನ್ ಎಷ್ಟಾದ ಮೇಲೆ ಓಡಬಹುದು? ಬರೆದಿಟ್ಟ ನೋಟ್‌ಬುಕ್ ಮೇಜಿನ ಮೇಲಿಡಿ. ಕುರ್ಚಿಯಿಂದ ಏಳುವ ಲೆಕ್ಕ 14ರಿಂದ 9ಕ್ಕೆ ಇಳಿದದ್ದನ್ನು ಅಲ್ಲಿ ನೋಡಿದರೆ, 'ಸುಸ್ತು ಡಾಕ್ಟ್ರೇ' ಅಂತ ಹೇಳಿದ್ದಕ್ಕಿಂತ ಬೇಗ ಅವರಿಗೆ ವಿಷಯ ತಿಳಿಯುತ್ತದೆ.